ಸ್ವಂತ ಕಾಯಿಲೆ

ಉನೈಸಿಗೆ ಲಕ್ವ ಹೊಡೆದದ್ದು ಹಿತ್ತಲಿನ ನಲ್ಲಿಯ ಬಳಿ, ಗಂಡನ ಕೆಲಸದ ಅಂಗಿಗೆ ಸೋಪು ಉಜ್ಜುತ್ತಿದ್ದಾಗ. ಎಡಗೈಯಿಂದ ಅಂಗಿ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಅಲ್ಲೇ ಕುಸಿದಳು. ಜೀವ ಉಳಿಯಿತು, ಮಾತೂ ತೊದಲುತ್ತ ಉಳಿಯಿತು. ಎಡಗಡೆಯ ಕೈಕಾಲು ಮಾತ್ರ ಉಳಿಯಲಿಲ್ಲ. ಪೇಟೆಯ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಕಳಿಸುವಾಗ ನರ್ಸು ಒಂದೇ ಮಾತನ್ನು ಮೂರು ಸಲ ಹೇಳಿದಳು: "ಮಲಗಿಸಿದ ಹಾಗೇ ಬಿಟ್ಟುಬಿಡಬೇಡಿ. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸಿ. ಬೆನ್ನಲ್ಲಿ ಹುಣ್ಣಾದರೆ ಆಮೇಲೆ ಯಾರ ಕೈಲೂ ಆಗಲ್ಲ."

ಅದೇನು ಹೇಳಿದಷ್ಟು ಸುಲಭವೇ? ಉನೈಸಿ ಎತ್ತರದ, ತುಂಬಿದ ಮೈಯ ಹೆಂಗಸು. ನಾಸೊಲೊ ಊರಿನ ನೆಟ್‌ಬಾಲ್ ತಂಡದಲ್ಲಿ ಅವಳನ್ನು ದಾಟಿ ಚೆಂಡು ಹೋಗುತ್ತಿರಲಿಲ್ಲ. ಅವಳನ್ನು ಹೊರಳಿಸಲು ಎರಡು ಗಟ್ಟಿ ಕೈ ಬೇಕು. ಅವಳನ್ನು ಬಿಟ್ಟರೆ ಮನೆಯಲ್ಲಿದ್ದವರು ಮೂವರು. ಗಂಡ ವಾಯ್ಸಾಕೆ, ಬಸ್ ಡ್ರೈವರ್, ಬೆಳಕು ಹರಿಯುವ ಮೊದಲೇ ಹೋದರೆ ಬರುವುದು ಸಂಜೆ. ಅತ್ತೆ ಲೈಸಾನಿ, ಎಪ್ಪತ್ತು ದಾಟಿದವಳು, ಮಂಡಿ ಎರಡೂ ಊದಿಕೊಂಡು ಗೋಡೆ ಹಿಡಿದು ನಡೆಯುವವಳು. ಮಗಳು ಕೆಲೆರಾ, ಹೈಸ್ಕೂಲಿನ ಕೊನೆಯ ವರ್ಷ.

ಮೊದಮೊದಲು ಊರಿಗೆ ಊರೇ ಬಂತು. ಪಾತ್ರೆ ತುಂಬ ಗೆಣಸು ಬಂತು, ಮೀನು ಬಂತು, ಪ್ರಾರ್ಥನೆ ಮಾಡುವವರು ಬಂದರು. ಆದರೆ ಊರಿನ ಹೆಂಗಸರಿಗೂ ತೋಟವಿತ್ತು, ಸಂತೆಯಿತ್ತು, ಹೊಟ್ಟೆಗೆ ಹಾಕಬೇಕಾದ ಮಕ್ಕಳಿದ್ದರು. ಅಲ್ಲದೆ ಉನೈಸಿಗೆ ಬೇರೆಯವರ ಕೈಯಲ್ಲಿ ಬಟ್ಟೆ ಬದಲಿಸಿಕೊಳ್ಳಲು ನಾಚಿಕೆ. ಯಾರಾದರೂ ಬಂದರೆ ಒದ್ದೆಯಾದರೂ ಒಣಗಿದ್ದೇನೆ ಎನ್ನುತ್ತಿದ್ದಳು. ಹೀಗಾಗಿ ಕೆಲೆರಾ ಶಾಲೆ ಬಿಟ್ಟು ಮನೆಯಲ್ಲಿ ಉಳಿದಳು. ಇವತ್ತೊಂದು ದಿನ, ನಾಳೆಯೊಂದು ದಿನ ಅಂತ ಶುರುವಾದದ್ದು ಹಾಗೇ ಬೆಳೆಯಿತು.

ಒಂದು ಸಂಜೆ ಎಲ್ಲರೂ ಚಾಪೆಯ ಮೇಲೆ ಊಟಕ್ಕೆ ಕೂತಿದ್ದರು. ಬೇಯಿಸಿದ ಮರಗೆಣಸು, ತೆಂಗಿನ ಹಾಲಿನಲ್ಲಿ ಕುದಿಸಿದ ಕೆಸುವಿನ ಸೊಪ್ಪು. ಉನೈಸಿಯನ್ನು ಗೋಡೆಗೆ ಒರಗಿಸಿ ದಿಂಬು ಕೊಟ್ಟಿದ್ದರು. ಕೆಲೆರಾ ಅವಳಿಗೆ ತಿನ್ನಿಸುತ್ತಿದ್ದಳು.

"ಹೆಡ್ ಟೀಚರ್ ಹೇಳಿ ಕಳಿಸಿದಾರೆ," ಎಂದಳು ಕೆಲೆರಾ. "ಹೀಗೇ ಆದ್ರೆ ಪರೀಕ್ಷೆಗೆ ಕೂರಿಸಲ್ವಂತೆ."

ವಾಯ್ಸಾಕೆ ಮರಗೆಣಸಿನ ನಾರು ಬಿಡಿಸುತ್ತಿದ್ದ. ಲೈಸಾನಿ ಸುಮ್ಮನಿರುವ ಪೈಕಿಯಲ್ಲ.

"ನಿಮ್ಮಪ್ಪನ್ನ ಕೇಳು. ರಜೆ ಇತ್ತಲ್ಲ ಅವನಿಗೆ, ಅದೇನಾಯ್ತು ಕೇಳು."

"ಅಮ್ಮಾ, ಆರೈಕೆ ರಜೆ ಐದು ದಿನ. ಆಸ್ಪತ್ರೆಲೇ ಮುಗೀತು."

"ಅದಲ್ಲ. ವರ್ಷದ ರಜೆ?"

"ಅದು ಚರ್ಚಿನ ಮಾಡಿಗೆ ತಗಡು ಹಾಕಿದಾಗಲೇ ಮುಗೀತು. ನಿನಗೂ ಗೊತ್ತು."

"ಗೊತ್ತಪ್ಪಾ ಗೊತ್ತು. ದೇವರ ಮನೆಗೆ ತಗಡು ಹಾಕಿ ಬಂದೆ. ದೇವರು ನಿನ್ನ ಮನೆಗೆ ಏನು ಹಾಕಿದ?"

"ಅತ್ತೆ," ಎಂದಳು ಉನೈಸಿ. ಬಾಯಿಯ ಒಂದು ಮೂಲೆಯಿಂದ ಸೊಪ್ಪಿನ ಹಾಲು ಇಳಿಯುತ್ತಿತ್ತು. "ಊಟದ ಹೊತ್ತಲ್ಲಿ ಬೇಡ."

"ಮತ್ಯಾವ ಹೊತ್ತಲ್ಲಿ ಹೇಳಲಿ? ಅವನು ಮನೇಲಿರೋದೇ ಊಟದ ಹೊತ್ತಲ್ಲಿ, ಪ್ರಸಂಗದ ಹೊತ್ತಲ್ಲಿ."

ವಾಯ್ಸಾಕೆ ಭಾನುವಾರಗಳಂದು ಚರ್ಚಿನಲ್ಲಿ ಪ್ರಸಂಗ ಮಾಡುತ್ತಿದ್ದ. ಪಾದ್ರಿ ಬರದ ವಾರ ಪೀಠ ಅವನದೇ. ಅವನು ಸುಳ್ಳು ಹೇಳುವವನಲ್ಲ ಎಂಬ ಮಾತು ಕಣಿವೆಯ ಉದ್ದಕ್ಕೂ ಇತ್ತು. ಬಸ್ಸಿನಲ್ಲಿ ಮರೆತ ಚೀಲ, ಕೊಡೆ, ಒಮ್ಮೆ ಒಂದು ಜೀವಂತ ಕೋಳಿಯನ್ನೂ ಹುಡುಕಿಕೊಂಡು ಹೋಗಿ ಒಪ್ಪಿಸಿದವನು.

"ನಾಳೆಯಿಂದ ನೀನು ಶಾಲೆಗೆ ಹೋಗು," ಎಂದ ಮಗಳಿಗೆ. "ನಾನೇನಾದ್ರೂ ಮಾಡ್ತೀನಿ."

ಅವನು ಮಾಡಿದ್ದು ಹೀಗೆ. ಅವನ ಬಸ್ಸು ಪೇಟೆಯಿಂದ ಕಣಿವೆಯ ಮೇಲಿನ ಊರುಗಳಿಗೆ ಹೋಗಿ ಬರುತ್ತಿತ್ತು. ದಾರಿಯಲ್ಲೇ ನಾಸೊಲೊ, ರಸ್ತೆಗೆ ತಾಗಿಯೇ ಅವನ ಮನೆ. ಹೋಗುವಾಗೊಮ್ಮೆ ಬರುವಾಗೊಮ್ಮೆ ಬಸ್ಸನ್ನು ಬೇಲಿಯ ಪಕ್ಕ ನಿಲ್ಲಿಸಿ, ಒಳಗೆ ಓಡಿ, ಹೆಂಡತಿಯನ್ನು ಹೊರಳಿಸಿ, ಬಟ್ಟೆ ಬದಲಿಸಿ, ನೀರು ಕುಡಿಸಿ, ಕೈ ಒರೆಸಿಕೊಳ್ಳುತ್ತ ಬಂದು ಮತ್ತೆ ಸೀಟಿಗೆ ಕೂರುತ್ತಿದ್ದ.

ಮೊದಲ ದಿನ ಪ್ರಯಾಣಿಕರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಎರಡನೆಯ ದಿನ ಇಬ್ಬರು ಹೆಂಗಸರು ಇಳಿದು ಹೋಗಿ ಹಾಸಿಗೆ ಬಟ್ಟೆ ಮಡಿಸಿ ಕೊಟ್ಟರು. ಮೂರನೆಯ ದಿನ ಮುದುಕನೊಬ್ಬ ಕಿಟಕಿಯಿಂದ ತಲೆ ಹಾಕಿ, "ಲೈಸಾನಿ, ಬಸ್ಸು ಹೇಗೂ ನಿಂತಿದೆ, ಚಹಾ ಇಡೇ!" ಎಂದು ಕೂಗಿದ.

"ನಿನಗೆ ಚಹಾ ಬೇಕಾದ್ರೆ ನೀನೂ ಲಕ್ವ ಹೊಡೆಸ್ಕೊಂಡು ಬಾ!" ಎಂದಳು ಲೈಸಾನಿ ಒಳಗಿನಿಂದ. ಬಸ್ಸಿಡೀ ನಕ್ಕಿತು. ಉನೈಸಿಯೂ ಅವತ್ತು ನಕ್ಕಳು.

ಆ ನಗು ಎರಡು ವಾರ ಬಾಳಿತು. ಮೇಲೂರಿನ ಹುಡುಗಿಯೊಬ್ಬಳು ಕಡಲ ಕಡೆಯ ಹೋಟೆಲಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಉನೈಸಿಗೆ ಹೊಟ್ಟೆ ಕೆಟ್ಟ ದಿನ ಬಸ್ಸು ಬಹಳ ಹೊತ್ತು ನಿಂತಿತು. ಹುಡುಗಿ ತಡವಾಗಿ ಹೋದಳು. ಹೋಟೆಲಿನವರು ಅವಳನ್ನು ವಾಪಸು ಕಳಿಸಿದರು. ಅವಳ ಅಪ್ಪ ಸೀದಾ ಬಸ್ ಕಂಪನಿಗೆ ಹೋದ.

ಕಂಪನಿಯ ಆಫೀಸಿನಲ್ಲಿ ರಜೆ, ಪಾಳಿ ಎಲ್ಲ ನೋಡಿಕೊಳ್ಳುತ್ತಿದ್ದವಳು ಸಲೋತೆ. ಪಕ್ಕದ ಊರಿನವಳೇ, ಕೆಟ್ಟವಳಲ್ಲ. ಫ್ಯಾನಿನ ಗಾಳಿಗೆ ಹಾರುವ ಕಾಗದಗಳ ಮೇಲೆ ಒಂದೊಂದು ಶಂಖ ಇಟ್ಟುಕೊಂಡು ಕೂತಿದ್ದಳು.

"ಇನ್ನು ಬಸ್ಸು ಮನೆ ಮುಂದೆ ನಿಲ್ಲಬಾರದು, ವಾಯ್ಸಾಕೆ ಅವರೇ. ಮಾಲೀಕರು ಕೂಗಾಡಿದಾರೆ. ಆ ಹುಡುಗೀದು ತಪ್ಪು ಅಂತೀರಾ?"

"ಇಲ್ಲ ಮೇಡಂ. ಅವಳದ್ದೇನೂ ತಪ್ಪಿಲ್ಲ."

"ಮತ್ತೆ?"

"ನನಗೆ ರಜೆ ಕೊಡಿ. ಮಗಳ ಪರೀಕ್ಷೆ ಮುಗಿಯೋ ತನಕ. ಸಂಬಳ ಇಲ್ದೇ ಇದ್ರೂ ಸರಿ."

"ಯಾರನ್ನ ಹಾಕಲಿ ಬಸ್ಸಿಗೆ? ನಾಲ್ಕು ಜನ ಡ್ರೈವರು ನ್ಯೂಜಿಲೆಂಡಿಗೆ ಹೋದ್ರು. ನೀವು ಕೂತರೆ ಕಣಿವೆ ಬಸ್ಸು ನಿಲ್ಲುತ್ತೆ. ಶಾಲೆ ಮಕ್ಕಳು ರಸ್ತೇಲಿ ನಿಲ್ತಾರೆ, ನಿಮ್ಮ ಮಗಳೂ ಸೇರಿ."

ವಾಯ್ಸಾಕೆ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಸಲೋತೆ ಕಂಪ್ಯೂಟರಿನ ಕಡೆ ನೋಡಿದಳು.

"ನಿಮ್ಮ ಸಿಕ್ ಲೀವ್ ಮುಟ್ಟೇ ಇಲ್ವಲ್ಲ ನೀವು. ಪೂರ್ತಿ ಹಾಗೇ ಇದೆ."

"ಹಾಗಾದ್ರೆ ಅದನ್ನೇ ಕೊಡಿ ಮೇಡಂ."

"ಅದು ಸ್ವಂತ ಕಾಯಿಲೆಗೆ. ಹೆಂಡತಿ ಕಾಯಿಲೆ ನಿಮ್ಮ ಕಾಯಿಲೆ ಅಲ್ಲ."

"ಮದುವೆ ದಿನ ಪಾದ್ರಿ ಹಾಗೆ ಹೇಳಲಿಲ್ಲ. ಇಬ್ಬರೂ ಒಂದೇ ದೇಹ ಅಂದ್ರು."

"ಪಾದ್ರಿ ಸಂಬಳ ಕೊಡಲ್ವಲ್ಲ ವಾಯ್ಸಾಕೆ ಅವರೇ," ಎಂದಳು ಸಲೋತೆ. ಹೇಳಿದ ಮೇಲೆ ಅವಳಿಗೇ ಕಸಿವಿಸಿಯಾಯಿತು. ದನಿ ತಗ್ಗಿಸಿ, "ನಾನು ನಿಯಮ ಬರೆದವಳಲ್ಲ. ಡಾಕ್ಟರ ಸಿಕ್ ಶೀಟು ತಂದ್ರೆ ಒಂದು ಮಾತೂ ಕೇಳದೆ ಕೊಡ್ತೀನಿ. ಒಂದು ಮಾತೂ ಕೇಳಲ್ಲ," ಎಂದಳು.

ಅವಳು ಏನು ಹೇಳುತ್ತಿದ್ದಾಳೆಂದು ಅವನಿಗೆ ಅರ್ಥವಾಯಿತು. ಅರ್ಥವಾಗದವನಂತೆ ಹೊರಗೆ ಬಂದ.

ಶೆಡ್ಡಿನಲ್ಲಿ ಮೆಕ್ಯಾನಿಕ್ ಸೋಮಲಾಲ್ ಬಸ್ಸಿನ ಕೆಳಗಿನಿಂದ ತೆವಳಿ ಬಂದು ಚಹಾ ಸುರಿದುಕೊಟ್ಟ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

"ಬೆನ್ನುನೋವು ಅಂತ ಹೇಳೋ ಮಾರಾಯ," ಎಂದ ಸೋಮಲಾಲ್. "ಬೆನ್ನೊಳಗೆ ಯಾವ ಡಾಕ್ಟರು ಇಣುಕಿ ನೋಡ್ತಾನೆ? ಡ್ರೈವರಿಗೆ ಬೆನ್ನುನೋವು ಇಲ್ಲ ಅಂದ್ರೇನೇ ನಂಬಲ್ಲ. ಎರಡು ವಾರ ಬರೆದು ಕೊಡ್ತಾನೆ."

"ನನಗೆ ಬೆನ್ನು ನೋಯಲ್ಲ."

"ನೋಯಲ್ಲ ಅಂತ ಗೊತ್ತು. ಅದಕ್ಕೇ ಹೇಳು ಅಂತಿರೋದು."

"ಭಾನುವಾರ ಪೀಠದ ಮೇಲೆ ನಿಂತ್ಕೊಂಡು ಆಮೇಲೆ ಏನು ಹೇಳಲಿ ಸೋಮಾ?"

"ಒಂದು ಭಾನುವಾರ ಬಾಯಿ ಮುಚ್ಕೊಂಡು ಹಾಡು. ದೇವರಿಗೂ ಸ್ವಲ್ಪ ವಿಶ್ರಾಂತಿ ಸಿಗುತ್ತೆ."

ವಾಯ್ಸಾಕೆ ನಕ್ಕ. ಆದರೆ ಡಾಕ್ಟರ ಹತ್ತಿರ ಹೋಗಲಿಲ್ಲ. ಕೆಲೆರಾ ಮತ್ತೆ ಮನೆಯಲ್ಲಿ ಉಳಿದಳು. ಆಮೇಲೆ ಬೆಳಿಗ್ಗೆ ಶಾಲೆ, ಮಧ್ಯಾಹ್ನ ಮನೆ ಎಂದು ಒಂದು ವಾರ ಓಡಾಡಿ ನೋಡಿದಳು. ಅವಳಿಲ್ಲದ ಬೆಳಗುಗಳಲ್ಲಿ ಲೈಸಾನಿ ಸೊಸೆಯನ್ನು ಹೊರಳಿಸಬೇಕಿತ್ತು.

ಆ ಶನಿವಾರ ಅಮ್ಮನಿಗೆ ಮೈ ಒರೆಸುತ್ತಿದ್ದ ಕೆಲೆರಾ ಬೆನ್ನಿನ ಕೆಳಗೆ, ಸೊಂಟದ ಮೂಳೆಯ ಹತ್ತಿರ ಕೈ ನಿಲ್ಲಿಸಿದಳು. ಅಂಗೈಯಗಲ ಕೆಂಪಾಗಿತ್ತು. ನಡುವೆ ಚರ್ಮ ಸುಲಿದು ನೀರೊಸರುತ್ತಿತ್ತು.

"ಬೂಬೂ, ಹೊರಳಿಸ್ತೀನಿ ಅಂದಿದ್ರಿ!" ಎಂದು ಅಜ್ಜಿಯನ್ನು ಕೂಗಿದಳು.

ಲೈಸಾನಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಹೊರಳಿಸಿದೆ."

"ದಿನಾ?"

"ಆದಷ್ಟು ಹೊರಳಿಸಿದೆ ಕಣೇ. ಸೋಮವಾರ ಮಂಡಿ ಕೊಟ್ಟು ಎತ್ತೋಕೆ ಹೋದೆ. ನಾನೇ ಅವಳ ಮೇಲೆ ಬಿದ್ದೆ. ಅವಳು ಯಾರಿಗೂ ಹೇಳಬೇಡಿ ಅಂದ್ಲು."

"ಅಮ್ಮಾ! ನೀನಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಶಾಲೆ ಬಿಡ್ತಿದ್ದೆ," ಎಂದಳು ಉನೈಸಿ ಗೋಡೆಯ ಕಡೆ ಮುಖ ಮಾಡಿ.

ಕೆಲೆರಾ ಒದ್ದೆ ಬಟ್ಟೆಯನ್ನು ಬೋಗುಣಿಗೆ ಎಸೆದಳು. ಹೊರಗೆ ಸೌದೆ ಒಡೆಯುತ್ತಿದ್ದ ಅಪ್ಪನ ಮುಂದೆ ಹೋಗಿ ನಿಂತಳು.

"ಅಮ್ಮನ ಬೆನ್ನು ಕೊಳೀತಿದೆ. ಊರವರೆಲ್ಲ ತಲೆನೋವು, ಹೊಟ್ಟೆನೋವು ಅಂತ ಸಿಕ್ ಶೀಟು ತಂದು ರಗ್ಬಿ ನೋಡೋಕೆ ಹೋಗ್ತಾರೆ. ನಿನಗೊಬ್ಬನಿಗೇ ಆಗಲ್ಲ. ನೀನು ಒಳ್ಳೆಯವನಾಗಿರೋದಕ್ಕೆ ನಾವೆಷ್ಟು ಜನ ಸಾಯಬೇಕಪ್ಪಾ?"

ಅವನು ಕೊಡಲಿ ಕೆಳಗಿಟ್ಟ. ಮಗಳು ಅವನ ಮುಂದೆ ಹಾಗೆ ಮಾತಾಡಿದವಳಲ್ಲ. ಒಳಗೆ ಹೋಗಿ ಹೆಂಡತಿಯ ಬೆನ್ನು ನೋಡಿದ. ನೋಡಿ ಬಂದು ಮತ್ತೆ ಕೊಡಲಿ ಎತ್ತಿಕೊಂಡ. ಸೌದೆಯೆಲ್ಲ ಮುಗಿದರೂ ಚೂರುಗಳನ್ನೇ ಒಡೆಯುತ್ತಿದ್ದ.

ಸೋಮವಾರ ಬೆಳಗಿನ ಜಾವ ಕಂಪನಿಯ ಅಂಗಳದಲ್ಲಿ ಎಂದಿನಂತೆ ಇಂಜಿನ್ ಮುಚ್ಚಳ ಎತ್ತಿ, ಆನಿಕೆ ಕಂಬಿ ಕೊಟ್ಟು, ರೇಡಿಯೇಟರಿಗೆ ನೀರು ಹಾಕಿದ. ಡ್ರೈವರ್ ಸೀಟಿನ ಪಕ್ಕದ ಆ ಕಬ್ಬಿಣದ ಮುಚ್ಚಳವನ್ನು ಎತ್ತಲು ಎರಡೂ ಕೈ ಬೇಕು. ನೀರಿನ ಡಬ್ಬಿ ಕೆಳಗಿಟ್ಟ. ಎಡಗೈಯನ್ನು ಅಂಚಿನ ಮೇಲೆ ಚಾಚಿ ಇಟ್ಟ. ಕಣ್ಣು ಮುಚ್ಚಿಕೊಂಡು ಬಲಗೈಯಿಂದ ಕಂಬಿ ಎಳೆದ.

ಎರಡು ವಾರಕ್ಕೆ ಸಾಲುವಷ್ಟು ಗಾಯ ಎಂದುಕೊಂಡಿದ್ದ. ಮುಚ್ಚಳಕ್ಕೆ ಅವನ ಲೆಕ್ಕ ತಿಳಿಯದು. ಮುಂಗೈಯ ಮೂಳೆಗಳು ಪುಡಿಯಾದವು, ಎರಡು ಬೆರಳು ಜಜ್ಜಿಹೋದವು. ಆಸ್ಪತ್ರೆಯಲ್ಲಿ ಕಂಬಿ ಹಾಕಿ, ಮೊಣಕೈವರೆಗೆ ಪ್ಲಾಸ್ಟರು ಕಟ್ಟಿ, ದೊಡ್ಡದೊಂದು ಸಿಕ್ ಶೀಟು ಬರೆದುಕೊಟ್ಟರು.

"ಹೇಗಾಯ್ತು?" ಎಂದು ಕೇಳಿದ್ದಕ್ಕೆ, "ಮುಚ್ಚಳ ಬಿತ್ತು," ಎಂದ. ಅದು ಸುಳ್ಳಾಗಿರಲಿಲ್ಲ.

ಮನೆಗೆ ಬಂದವನನ್ನು ನೋಡಿ ಲೈಸಾನಿ, "ಓಯ್ಲೇ!" ಎಂದು ಬಾಯಿಗೆ ಕೈ ಹಚ್ಚಿದಳು. ಆಮೇಲೆ ಪ್ಲಾಸ್ಟರನ್ನು ಎರಡು ಸಲ ನೋಡಿ, "ಗಂಡ ಹೆಂಡ್ತಿ ಇಬ್ಬರದೂ ಎಡಗೈ ಹೋಯ್ತು. ಮನೇಲಿ ಇನ್ನು ನಿಮ್ಮಿಬ್ಬರಿಗೂ ಎಡಗೈ ಅಂದ್ರೆ ನನ್ನದು, ಈ ಹುಡುಗೀದು," ಎಂದಳು.

ರಜೆ ಸಿಕ್ಕಿತು. ಸಲೋತೆ ಒಂದು ಮಾತೂ ಕೇಳಲಿಲ್ಲ. ವಾಯ್ಸಾಕೆ ಇಡೀ ದಿನ ಮನೆಯಲ್ಲಿದ್ದ, ಹೆಂಡತಿಯ ಪಕ್ಕದಲ್ಲೇ ಇದ್ದ. ಎತ್ತಲು ಮಾತ್ರ ಆಗುತ್ತಿರಲಿಲ್ಲ. ಬಲಗೈಯಿಂದ ಭುಜ ಹಿಡಿದರೆ ಸೊಂಟ ಉಳಿಯುತ್ತಿತ್ತು. ಸೊಂಟ ನೂಕಿದರೆ ಕುತ್ತಿಗೆ ತಿರುಚುತ್ತಿತ್ತು. ಪ್ಲಾಸ್ಟರಿನ ಕೈ ತಾಗಿದರೆ ಅವನೇ ನೋವಿಗೆ ಕಿರುಚುತ್ತಿದ್ದ. ರಾತ್ರಿ ನೋವಿನ ಮಾತ್ರೆ ಕೊಡಲು ಕೆಲೆರಾ ಈಗ ಇಬ್ಬರಿಗಾಗಿ ಏಳಬೇಕಾಯಿತು. ಅವನ ಅಂಗಿಯ ಗುಂಡಿ ಹಾಕುವವಳೂ ಅವಳೇ, ಮರಗೆಣಸು ಕಿತ್ತು ತರುವವಳೂ ಅವಳೇ. ಪುಸ್ತಕಗಳನ್ನು ಒಲೆಯ ಪಕ್ಕಕ್ಕೆ ತಂದಿಟ್ಟುಕೊಂಡಿದ್ದಳು. ಹಾಳೆಗಳಿಗೆ ಮಸಿ ಹಿಡಿಯಿತು.

ಮೂರನೆಯ ದಿನ ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದಾಗ ಉನೈಸಿ ಕೇಳಿದಳು: "ಇಪ್ಪತ್ತು ವರ್ಷ ಆ ಮುಚ್ಚಳ ಎತ್ತಿದೀಯ. ಇವತ್ತಿನ ತನಕ ಬೀಳದ್ದು ಈಗ ಹೇಗೆ ಬಿತ್ತು?"

ಅವನು ಅವಳ ಬೆನ್ನಿನ ದಿಂಬು ಸರಿಮಾಡತೊಡಗಿದ.

"ನನ್ನ ಕಡೆ ನೋಡು."

ನೋಡಲಿಲ್ಲ.

"ನನಗೋಸ್ಕರ ಮಾಡ್ದೆ ಅಂತ ಯಾರ ಹತ್ರಾನೂ ಹೇಳಬೇಡ," ಎಂದಳು ಅವಳು, ಒಂದೊಂದೇ ಪದವನ್ನು ತಳ್ಳಿ ತಳ್ಳಿ. "ಈ ಮೈ ಭಾರಾನೇ ನನಗೆ ಹೊರೋಕಾಗ್ತಿಲ್ಲ. ಅದನ್ನೂ ನನ್ನ ಮೇಲೆ ಹಾಕಬೇಡ."

ಮುಂದಿನ ವಾರ, ಸಂಜೆ ಗೆಣಸು ಬೇಯುತ್ತಿರುವಾಗ, ಸೋಮಲಾಲನ ಹೆಂಡತಿ ರಾಜಮತಿ ಬಂದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯನ್ನೂ ಕುಂಬಳಕಾಯಿ ಪಲ್ಯದ ಡಬ್ಬಿಯನ್ನೂ ಲೈಸಾನಿಯ ಮುಂದಿಟ್ಟಳು. ಕೂರಲಿಲ್ಲ.

"ಅಣ್ಣಾ, ಕ್ಷಮಿಸಿಬಿಡಿ," ಎಂದಳು ವಾಯ್ಸಾಕೆಗೆ. "ಹೋದ ತಿಂಗಳು ಆ ಮುಚ್ಚಳದ ಕಂಬಿ ಸಡಿಲ ಇದೆ ಅಂತ ಯಾರೋ ಹೇಳಿದ್ರಂತೆ. ಇವರು ಸರಿ ಮಾಡಿದೀನಿ ಅಂತಾರೆ. ಕಂಪನಿಯವರು ಮಾಡಿಲ್ಲ, ಅದಕ್ಕೇ ಬಿತ್ತು ಅಂತಾರೆ. ಮನೇಲಿ ಕೂರಿಸಿದಾರೆ. ವಿಚಾರಣೆ ಆಗೋ ತನಕ ಸಂಬಳ ಇಲ್ಲ, ಆದ್ಮೇಲೆ ಕೆಲಸಾನೂ ಇರಲ್ವೇನೋ."

ಪಾತ್ರೆಯ ಮುಚ್ಚಳ ಕುದಿಗೆ ತಟತಟ ಎನ್ನುತ್ತಿತ್ತು.

"ಇವರು ಊಟ ಬಿಟ್ಟಿದಾರೆ ಅಣ್ಣಾ. ನಿಜವಾಗ್ಲೂ ಸರಿ ಮಾಡಿದ್ನಾ ಇಲ್ವಾ ಅಂತ ಇವರಿಗೇ ಈಗ ಅನುಮಾನ. ನನ್ನ ಕೈಯಿಂದ ಅವನ ಕೈ ಹೋಯ್ತಲ್ಲ ಅಂತ ಅಳ್ತಾರೆ. ನಿಮ್ಮ ಮುಂದೆ ಬರೋಕೆ ಮುಖ ಇಲ್ಲ, ಅದಕ್ಕೆ ನಾನು ಬಂದೆ."

ವಾಯ್ಸಾಕೆ ಪ್ಲಾಸ್ಟರಿನ ಕೈಯನ್ನು ಮಡಿಲಿಗೆ ಎಳೆದುಕೊಂಡ. ರಾಜಮತಿ ಉನೈಸಿಯ ಹಣೆ ಮುಟ್ಟಿ, ಕಣ್ಣೊರೆಸಿಕೊಂಡು, ಕೊನೆಯ ಬಸ್ಸಿಗೆ ಹೋದಳು.

ಲೈಸಾನಿ ರೊಟ್ಟಿಯ ಗಂಟು ಬಿಚ್ಚಿದಳು. "ತಿನ್ನಿ, ಬಿಸಿ ಇದೆ."

"ನಾನು ತಿನ್ನಲ್ಲ," ಎಂದಳು ಉನೈಸಿ.

ಕೆಲೆರಾ ಅಮ್ಮನನ್ನೂ ಅಪ್ಪನನ್ನೂ ನೋಡಿದಳು. "ಅಪ್ಪಾ? ಮುಚ್ಚಳ ಬಿತ್ತಾ, ಬೀಳಿಸಿಕೊಂಡ್ಯಾ?"

"ಬೀಳಿಸಿಕೊಂಡೆ."

ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವತ್ತು ಸೌದೆಯ ಹತ್ತಿರ ತಾನಾಡಿದ ಮಾತೇ ಅವಳ ತಲೆಯಲ್ಲಿ ಸುತ್ತಿತು.

"ನಾಳೆ ಆಫೀಸಿಗೆ ಹೋಗಿ ಹೇಳ್ತೀನಿ," ಎಂದ ವಾಯ್ಸಾಕೆ.

"ಏನಂತ ಹೇಳ್ತೀಯ?" ಲೈಸಾನಿ ಸಿಡಿದಳು. "ನಾನೇ ಜಜ್ಜಿಕೊಂಡೆ, ನನ್ನ ಕೆಲಸ ಕಿತ್ಕೊಳ್ಳಿ, ರಜೆ ಸಂಬಳಾನೂ ಕಿತ್ಕೊಳ್ಳಿ ಅಂತಾನಾ? ಸುಮ್ಮನಿರು. ಅವನಿಗೆ ಗೇಣಿಗೊಂದು ಗ್ಯಾರೇಜು ಸಿಗುತ್ತೆ. ನಿನಗೆ ಇನ್ನೊಂದು ಕೈ ಸಿಗುತ್ತಾ?"

"ಅಮ್ಮಾ, ಅವನು ಊಟ ಬಿಟ್ಟಿದಾನೆ."

"ನಾವೂ ಬಿಡ್ತೀವಿ, ನೀನು ಹೇಳಿ ಬಾ, ಎಲ್ಲರೂ ಬಿಡೋಣ!" ಮುದುಕಿಯ ದನಿ ಒಡೆಯಿತು. "ಒಂದು ಬೆನ್ನುನೋವು ಅಂತ ಅನ್ನೋಕಾಗದವನು, ಕೈ ಮುರ್ಕೊಂಡು ಬಂದ. ಅದೂ ಸಾಲ್ದು, ಈಗ ಕೆಲಸಾನೂ ಮುರ್ಕೊಂಡು ಬರ್ತಾನೆ. ನಿನ್ನಂಥ ಸತ್ಯವಂತನ್ನ ಹೆತ್ತ ಹೊಟ್ಟೆಗೆ ಏನು ಹೇಳಲಿ ನಾನು?"

ಅವಳು ರೊಟ್ಟಿಯನ್ನು ಮುರಿದು ಬಾಯಿಗಿಟ್ಟುಕೊಂಡಳು. ನುಂಗಲಾಗದೆ ಕೈಯಲ್ಲೇ ಹಿಡಿದು ಕೂತಳು. ಆ ಸಂಜೆ ಯಾರೂ ಊಟ ಮಾಡಲಿಲ್ಲ.

ಬೆಳಿಗ್ಗೆ ವಾಯ್ಸಾಕೆ ಸಲೋತೆಯ ಮುಂದೆ ನಿಂತು ನಡೆದದ್ದನ್ನು ನಡೆದಂತೆ ಹೇಳಿದ. ಅವಳು ಎದ್ದು ಬಾಗಿಲು ಮುಚ್ಚಿ ಬಂದಳು.

"ನಾನಿದನ್ನ ಕೇಳಿಸ್ಕೊಂಡಿಲ್ಲ. ಹೊರಗೆ ಹೋಗಿ ನೀರು ಕುಡಿದು ಬನ್ನಿ. ಬಂದ್ಮೇಲೆ ಬೇರೆ ಥರ ಹೇಳಿ. ನಿಮ್ಮ ಕೈ ತಪ್ಪಿ ಕಂಬಿಗೆ ತಾಗ್ತು ಅನ್ನಿ, ಸೋಮಲಾಲೂ ಉಳೀತಾನೆ, ನೀವೂ ಉಳೀತೀರಿ."

ಅವನು ಮುಚ್ಚಿದ ಬಾಗಿಲ ಕಡೆ ನೋಡಿದ. ಎಷ್ಟು ಸಣ್ಣ ಮಾತು ಅದು. ಸೋಮಲಾಲ್ ಬೆನ್ನುನೋವು ಎಂದು ಹೇಳಿಕೊಟ್ಟ ಮಾತಿನಷ್ಟೇ ಸಣ್ಣದು. ಅವತ್ತು ಅದನ್ನು ತೆಗೆದುಕೊಂಡಿದ್ದರೆ ಉನೈಸಿಯ ಬೆನ್ನು ಉಳಿಯುತ್ತಿತ್ತು, ಈ ಕೈ ಇರುತ್ತಿತ್ತು.

"ಕಂಬಿ ಗಟ್ಟಿಯಾಗೇ ಇತ್ತು ಮೇಡಂ," ಎಂದ. "ಎಳೆಯೋಕೆ ಕಷ್ಟ ಆಯ್ತು. ಅವನು ಚೆನ್ನಾಗೇ ಸರಿ ಮಾಡಿದ್ದ. ಅದನ್ನ ಅವನಿಗೆ ಹೇಳಿ."

ಸಲೋತೆ ಆಮೇಲೆ ಅವನ ಮುಖ ನೋಡಲಿಲ್ಲ. ಬೇಕೆಂದೇ ಮಾಡಿಕೊಂಡ ಗಾಯಕ್ಕೆ ರಜೆಯಿಲ್ಲ, ಕಂಪನಿಯ ಬಸ್ಸಿನಲ್ಲಿ ಹಾಗೆ ಮಾಡಿದವನಿಗೆ ಕೆಲಸವೂ ಇಲ್ಲ. ಮಾಲೀಕರು ಮಧ್ಯಾಹ್ನದೊಳಗೆ ತೀರ್ಮಾನ ಮಾಡಿದರು. ಗೇಟಿನ ಹತ್ತಿರ ಸೋಮಲಾಲ್ ಎದುರಾದ. ಕರೆಸಿಕೊಂಡಿದ್ದರು, ಕೆಲಸದ ಬಟ್ಟೆಯಲ್ಲೇ ಬಂದಿದ್ದ.

"ಬೆನ್ನುನೋವು ಅಂದಿದ್ರೆ ಸಾಕಿತ್ತಲ್ಲೋ," ಎಂದ. ಕಣ್ಣು ಕೆಂಪಾಗಿತ್ತು. "ಸತ್ಯವಂತ ನೀನು. ಹತ್ತು ದಿನ ನಾನು ಕೊಲೆಗಾರನ ಹಾಗೆ ಕೂತಿದ್ದೆ." ಅಷ್ಟು ಹೇಳಿ ಒಳಗೆ ಹೋದ. ತಿರುಗಿ ನೋಡಲಿಲ್ಲ.

ವಾಯ್ಸಾಕೆಗೆ ಈಗ ರಜೆಯೇ ರಜೆ. ಆ ಭಾನುವಾರ ಚರ್ಚಿಗೆ ಹೋದ, ಹಿಂದಿನ ಸಾಲಿನಲ್ಲಿ ಕೂತ. ಪೀಠ ಹತ್ತೆಂದು ಯಾರೂ ಕರೆಯಲಿಲ್ಲ. ಕರೆದಿದ್ದರೂ ಅವನು ಹತ್ತುತ್ತಿರಲಿಲ್ಲ. ಹಳ್ಳಿಯ ನರ್ಸು ವಾರಕ್ಕೊಮ್ಮೆ ಬಂದು ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದಳು. ಇನ್ನೂ ಆಳಕ್ಕೆ ಇಳಿದಿಲ್ಲ ಎನ್ನುವುದೇ ಸಮಾಧಾನ. ಮನೆಯಲ್ಲಿ ಡಬ್ಬಿ ಮೀನು ನಿಂತಿತು, ಸಕ್ಕರೆ ನಿಂತಿತು. ನಿಂಬೆ ಎಲೆಯ ಚಹಾವನ್ನು ಸಪ್ಪೆಯಾಗಿಯೇ ಕುಡಿದರು. ಲೈಸಾನಿ ಎರಡು ವಾರ ಮಗನ ಜೊತೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ಬೆಕ್ಕಿಗೆ ಹೇಳುತ್ತಿದ್ದಳು: "ಬೆಕ್ಕೇ, ಬೆಂಕಿ ಆರ್ತಿದೆ ಅಂತ ನಿಮ್ಮ ಯಜಮಾನನಿಗೆ ಹೇಳು."

ಹೆಡ್ ಟೀಚರ್ ಕೊನೆಗೆ ಪರೀಕ್ಷೆಗೆ ಕೂರಿಸಲು ಒಪ್ಪಿದರೂ ಕೆಲೆರಾ ಪರೀಕ್ಷೆ ಬೇಡವೆಂದಳು. ಪೇಟೆಯ ಅಂಗಡಿಯಲ್ಲಿ ಕೆಲಸ ಕೇಳಿ ಬಂದಿದ್ದಳು.

"ಪರೀಕ್ಷೆ ಬರಿ," ಎಂದಳು ಉನೈಸಿ. "ಆಮೇಲೆ ಅಂಗಡಿಗಾದ್ರೂ ಹೋಗು, ಎಲ್ಲಿಗಾದ್ರೂ ಹೋಗು. ಈ ಹಾಸಿಗೆ ಒಂದು ಕೈ ತಿಂದಾಯ್ತು. ನಿನ್ನನ್ನೂ ತಿಂದ್ರೆ ನಾನು ಅನ್ನ ಮುಟ್ಟಲ್ಲ. ಸುಮ್ಮನೆ ಹೇಳ್ತಿಲ್ಲ."

ಮೊದಲ ಪರೀಕ್ಷೆಯ ಬೆಳಿಗ್ಗೆ ಕೆಲೆರಾ ಬೇಗ ಎದ್ದಳು. ಅಮ್ಮನಿಗೆ ಮೈ ಒರೆಸಿ, ಹುಣ್ಣು ನೋಡಿ, ಬಲ ಮಗ್ಗುಲಿಗೆ ತಿರುಗಿಸಿ, ದಿಂಬು ಕೊಟ್ಟು, ತಿನ್ನಿಸಿದಳು. ಅಪ್ಪನ ಅಂಗಿಯ ಗುಂಡಿ ಹಾಕಿದಳು. ಶಾಲೆಯ ಬಟ್ಟೆ ಹಾಕಿಕೊಂಡು, ಎಲ್ಲರಿಗೂ ಮುತ್ತಿಟ್ಟು, ರಸ್ತೆಯಾಚೆ ಮಾವಿನ ಮರದ ಕೆಳಗೆ ಬಸ್ಸಿಗೆ ಹೋಗಿ ನಿಂತಳು. ಕಿಟಕಿಯಿಂದ ನೋಡಿದರೆ ಅವಳ ಬಿಳಿ ಅಂಗಿ ಕಾಣುತ್ತಿತ್ತು.

"ನನಗೆ ಕೂರಬೇಕು," ಎಂದಳು ಉನೈಸಿ ಗಂಡನಿಗೆ. "ಅವಳು ಇರೋ ತನಕ ತಡ್ಕೊಂಡಿದ್ದೆ."

ಅವನು ಕಮೋಡಿನ ಕುರ್ಚಿಯನ್ನು ಹಾಸಿಗೆಗೆ ಒತ್ತಿ ಇಟ್ಟ. ಬಲಗೈಯನ್ನು ಅವಳ ಕಂಕುಳ ಕೆಳಗೆ ತೂರಿಸಿ, ಪ್ಲಾಸ್ಟರಿನ ಕೈಯನ್ನು ಬೆನ್ನಿಗೆ ಆನಿಸಿ ಎತ್ತಿದ. ಅವಳು ಎದ್ದಳು. ಒಂದು ಕ್ಷಣ ಇಬ್ಬರೂ ಎದುರುಬದುರು ನಿಂತರು, ಮದುವೆಯ ದಿನ ಫೋಟೋಕ್ಕೆ ನಿಂತಂತೆ. ಆಮೇಲೆ ಅವಳ ಎಡಗಾಲು ಮಡಚಿತು. ಕುರ್ಚಿ ಉರುಳಿತು. ಇಬ್ಬರೂ ನೆಲಕ್ಕೆ ಬಿದ್ದರು. ಅವನ ಪ್ಲಾಸ್ಟರಿನ ಕೈ ಅವಳ ಸೊಂಟದಡಿ ಸಿಕ್ಕಿಕೊಂಡಿತು. ಅವನು ಕಿರುಚದಂತೆ ತುಟಿ ಕಚ್ಚಿದ.

ಒಲೆಯ ಹತ್ತಿರವಿದ್ದ ಲೈಸಾನಿ ಗೋಡೆ ಹಿಡಿದು ಓಡಿಬಂದಳು. ನೋಡಿದವಳೇ ಬಾಗಿಲ ಕಡೆ ತಿರುಗಿ ಬಾಯಿ ತೆರೆದಳು.

"ಅತ್ತೆ, ಕೂಗಬೇಡಿ!" ಎಂದಳು ಉನೈಸಿ ನೆಲದಿಂದ. "ಅವಳಿಗೆ ಕೇಳ್ಸುತ್ತೆ. ಓಡಿ ಬಂದ್ಬಿಡ್ತಾಳೆ."

"ಅವನ ಕೈ ನಿನ್ನ ಕೆಳಗಿದೆಯಲ್ಲೇ!"

"ಇರಲಿ ಅಮ್ಮಾ," ಎಂದ ವಾಯ್ಸಾಕೆ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. "ಬಸ್ಸು ಬರಲಿ."

ಬಸ್ಸು ಬರಲಿಲ್ಲ. ಹೊಸ ಡ್ರೈವರಿಗೆ ಕಣಿವೆಯ ತಿರುವುಗಳು ಇನ್ನೂ ಅಭ್ಯಾಸವಾಗಿರಲಿಲ್ಲ, ದಿನವೂ ತಡ. ಉನೈಸಿಗೆ ತಡೆಯಲಾಗಲಿಲ್ಲ, ನೆಲ ಒದ್ದೆಯಾಯಿತು, ಚಾಪೆ ಒದ್ದೆಯಾಯಿತು. ಅವಳು ಸದ್ದಿಲ್ಲದೆ ಅಳತೊಡಗಿದಳು. ವಾಯ್ಸಾಕೆ ಬಲಗೈಯಿಂದ ಅವಳ ತಲೆಯನ್ನು ನೆಲದಿಂದ ಎತ್ತಿ ತನ್ನ ತೋಳ ಮೇಲೆ ಇಟ್ಟುಕೊಂಡ.

ರಸ್ತೆಯ ಕಡೆಯಿಂದ ಕೆಲೆರಾಳ ದನಿ ಬಂತು: "ಬೂಬೂ! ಎಲ್ಲಾ ಸರಿಯಿದೆಯಾ?"

ಲೈಸಾನಿ ಸೆರಗಿನಂತೆ ಹೊದ್ದಿದ್ದ ಬಟ್ಟೆಯಿಂದ ಕಣ್ಣೊರೆಸಿಕೊಂಡಳು. ಬಾಗಿಲಿಗೆ ಹೋಗಿ, ಒಳಗಿನದು ಕಾಣದಂತೆ ಅಡ್ಡ ನಿಂತು, ಕೈ ಎತ್ತಿ ಬೀಸಿದಳು.

"ಸರಿಯಿದೆ ಕಣೇ! ನಿನ್ನ ಪಾಠ ನೀನು ನೆನೆಸ್ಕೋ! ನಮ್ಮನ್ನೇನು ನೋಡ್ತೀಯ?"

ಕೊನೆಗೆ ಮೇಲಿನ ತಿರುವಿನಲ್ಲಿ ಇಂಜಿನ್ ಸದ್ದು ಕೇಳಿತು. ಗೇರು ಬದಲಿಸುವ ಕರಕರ, ಬ್ರೇಕು, ಹುಡುಗರ ಗಲಾಟೆ. ಯಾರೋ ಕೆಲೆರಾಳ ಹೆಸರು ಕೂಗಿದರು. ಬಸ್ಸು ಹೊರಟಿತು, ದಿಬ್ಬ ಇಳಿಯಿತು, ಸದ್ದು ಸಣ್ಣದಾಗುತ್ತ ಹೋಯಿತು.

"ಹೋಯ್ತಾ?" ಎಂದಳು ಉನೈಸಿ.

"ಹೋಯ್ತು," ಎಂದ ವಾಯ್ಸಾಕೆ.

"ಈಗ ಕೂಗಿ ಅತ್ತೆ."

ಲೈಸಾನಿ ಅಂಗಳಕ್ಕಿಳಿದು, ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ, ಊರನ್ನು ಕೂಗಿದಳು.